ಓವನ್ ಇಲ್ಲದೆ ಮಕ್ಕಳ ಕೈಯಲ್ಲೇ ಹಬ್ಬದ ತಿಂಡಿ: ಏನು ಮಾಡಿಸಲಿ?

ಪ್ರಶ್ನೆ: ಚಿಕ್ಕಮ್ಮನ ಡಬ್ಬಿ

ಎಲ್ಲರಿಗೂ ನಮಸ್ಕಾರ. ಹಬ್ಬದ ರಜೆಗೆ ಅಕ್ಕನ ಮಕ್ಕಳು, ನಾದಿನಿಯ ಮಕ್ಕಳು ಎಲ್ಲ ನಮ್ಮ ಮನೆಗೇ ಬರುತ್ತಿದ್ದಾರೆ. ವಯಸ್ಸು 3, 5, 6, 9, 11. ಜೊತೆಗೆ 10 ತಿಂಗಳ ಒಂದು ಪಾಪು. ನೆಲದ ಮೇಲೆ ಸಿಕ್ಕಿದ್ದೆಲ್ಲ ನೇರ ಬಾಯಿಗೆ ಹೋಗುವ ವಯಸ್ಸು ಅದರದ್ದು. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು ತಿಂಡಿ ಮಾಡಿಸೋಣ ಅಂತ ಆಸೆ. ನಮ್ಮಲ್ಲಿ ಓವನ್ ಇಲ್ಲ. ಇದ್ದಿದ್ದರೂ ಇಷ್ಟು ಮಕ್ಕಳನ್ನು ಸುತ್ತ ಇಟ್ಟುಕೊಂಡು ಅದನ್ನು ಹಚ್ಚುವ ಧೈರ್ಯ ನನಗಿಲ್ಲ.

ವಿಡಿಯೋಗಳನ್ನು ನೋಡಿದೆ. ಎಲ್ಲದರಲ್ಲೂ ‘ಮಕ್ಕಳ ಜೊತೆ ಮಾಡಿ’ ಅಂತ ಹೆಸರಿರುತ್ತದೆ, ಆದರೆ ಕಾಣುವ ಕೈಗಳೆಲ್ಲ ದೊಡ್ಡವರದ್ದೇ. ಕೊನೆಗೆ ಮಗು ಬಂದು ಮೇಲೆ ಬಣ್ಣದ ಸಕ್ಕರೆ ಉದುರಿಸಿ ನಗುತ್ತದೆ. ನನಗೆ ಅದು ಬೇಡ. ಮಕ್ಕಳು ನಿಜವಾಗಿಯೂ ಮಾಡಬೇಕು, ನಾನು ಪಕ್ಕದಲ್ಲಿ ಇದ್ದರೆ ಸಾಕು.

ನನ್ನ ತಲೆನೋವು ಏನು ಅಂದರೆ, 3 ವರ್ಷದವಳಿಗೂ 11 ವರ್ಷದವನಿಗೂ ಒಟ್ಟಿಗೆ ಕೆಲಸ ಹೇಗೆ ಕೊಡುವುದು? 6 ವರ್ಷದವನಿಗೆ ಕಡಲೆಕಾಯಿ ಅಲರ್ಜಿ ಇದೆ, ಆದರೆ ಸಿಗುವ ಪಾಕವಿಧಾನಗಳಲ್ಲಿ ಅರ್ಧಕ್ಕರ್ಧ ಪೀನಟ್ ಬಟರ್‌ದೇ. ಇನ್ನು ಬೇಯಿಸದ ಕುಕೀ ಹಿಟ್ಟಿನ ಉಂಡೆ ಅಂತ ಒಂದು ಎಲ್ಲ ಕಡೆ ಓಡಾಡುತ್ತಿದೆ, ಮೈದಾ, ಬೆಣ್ಣೆ, ಸಕ್ಕರೆ ಕಲಸಿ ಹಾಗೇ ತಿನ್ನುವುದು. ದೊಡ್ಡವನು ಅದೇ ಬೇಕು ಅಂತ ಹಟ ಹಿಡಿದಿದ್ದಾನೆ. ಮಾಡಿಸಬಹುದಾ? ಮತ್ತೆ ಚಾಕೊಲೇಟ್ ಕರಗಿಸುವಾಗ ಒಮ್ಮೊಮ್ಮೆ ಗಟ್ಟಿಯಾಗಿ ಮುದ್ದೆ ಕಟ್ಟಿಕೊಳ್ಳುತ್ತದಲ್ಲ, ಅದು ಯಾಕೆ?

---

ಉತ್ತರ: ಹಿಟ್ಟಿನ ಕೈ

ರಜಾ ಶಿಬಿರಗಳಲ್ಲಿ ಮಕ್ಕಳಿಗೆ ಅಡುಗೆ ಹೇಳಿಕೊಡುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮೈದಾ ವಿಷಯ ಮುಗಿಸಿಬಿಡೋಣ. ಬೇಡ. ಹಸಿ ಮೊಟ್ಟೆ ಹಾಕದಿದ್ದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮೈದಾ ಕೂಡ ಹಸಿ ಪದಾರ್ಥವೇ. ಹೊಲದಿಂದ ಬಂದ ಗೋಧಿಯನ್ನು ಬೀಸಿದ್ದು ಅಷ್ಟೇ, ಅದರಲ್ಲಿರುವ ರೋಗಾಣು ಸಾಯುವಷ್ಟು ಬಿಸಿ ಅದಕ್ಕೆ ಎಲ್ಲೂ ತಾಗಿರುವುದಿಲ್ಲ. ಇ. ಕೋಲಿ, ಸಾಲ್ಮೊನೆಲ್ಲಾ ಹಸಿ ಹಿಟ್ಟಿನಿಂದ ಹರಡಿದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಮನೆಯಲ್ಲಿ ಬಾಣಲೆಗೆ ಹಾಕಿ ಹುರಿದರೆ ಎಲ್ಲ ಕಡೆ ಸಮನಾಗಿ ಬಿಸಿಯಾಯಿತು ಅನ್ನುವ ಖಾತ್ರಿ ಇಲ್ಲ. ಅದರ ಬದಲು ರೋಲ್ಡ್ ಓಟ್ಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳಿ. ಅದನ್ನು ತಯಾರಿಸುವಾಗಲೇ ಹಬೆಯಲ್ಲಿ ಬೇಯಿಸಿ ಅವಲಕ್ಕಿ ಥರ ಒತ್ತಿರುತ್ತಾರೆ. ಓಟ್ಸ್ ಪುಡಿ, ಬೆಣ್ಣೆ, ಸ್ವಲ್ಪ ಸಕ್ಕರೆ, ಒಂದೆರಡು ಚಮಚ ಹಾಲು, ಚಾಕೊಲೇಟ್ ಚೂರು. ದೊಡ್ಡವನಿಗೆ ಕುಕೀ ಹಿಟ್ಟು ಅಂತಲೇ ಕೊಡಿ, ಜಗಳ ಇರುವುದಿಲ್ಲ.

ಈಗ ನಿಮ್ಮ ಅಸಲಿ ಪ್ರಶ್ನೆ. ಚೆನ್ನಾಗಿ ಕಾಣುವ ತಿಂಡಿ ಯಾವುದು ಅಂತ ಹುಡುಕಬೇಡಿ. ಅದರಲ್ಲಿ ಕೈಗೆ ಎಷ್ಟು ಕೆಲಸ ಇದೆ, ಎಷ್ಟು ಹೊತ್ತು ಕಾಯಬೇಕು, ಈ ಎರಡನ್ನೇ ನೋಡಿ. ಕುಟ್ಟುವುದು, ಕಲಸುವುದು, ಉಂಡೆ ಕಟ್ಟುವುದು, ಹೊರಳಿಸುವುದು ಇವೆಲ್ಲ ಮಕ್ಕಳ ಕೆಲಸ. ಕರಗಿಸುವುದು, ಸುರಿಯುವುದು, ಫ್ರಿಜ್ಜಿನಲ್ಲಿ 4 ಗಂಟೆ ಇಡುವುದು ದೊಡ್ಡವರ ಕೆಲಸ. ಎರಡನೇ ಬಗೆಯದ್ದು ಜಾಸ್ತಿ ಇರುವ ತಿಂಡಿ ಎಷ್ಟೇ ಸುಲಭ ಅಂದರೂ ಮಕ್ಕಳಿಗೆ ಆಗಿಬರುವುದಿಲ್ಲ. ಮೂರು ಪದರದ ಪುಡಿಂಗ್ ಓವನ್ ಬೇಡದ ತಿಂಡಿಯೇ, ಆದರೆ ಪ್ರತಿ ಪದರಕ್ಕೂ ಕಾಯಬೇಕು. ಅಷ್ಟರಲ್ಲಿ ಮಕ್ಕಳು ಸೋಫಾ ಹತ್ತಿರುತ್ತಾರೆ.

ಇನ್ನೊಂದು ಮಾತು. ಮಧ್ಯದಲ್ಲಿ ಒಂದೇ ದೊಡ್ಡ ಪಾತ್ರೆ ಇಡಬೇಡಿ. ಇಟ್ಟರೆ 9 ಮತ್ತು 11 ವರ್ಷದವರು ಕಲಸುತ್ತಾರೆ, ಉಳಿದವರು ‘ನನಗೆ, ನನಗೆ’ ಅಂತ ಅಳುತ್ತಾರೆ. ಪ್ರತಿ ಮಗುವಿಗೂ ಅದರದೇ ಒಂದು ಸಣ್ಣ ಬಟ್ಟಲು, ಚಮಚ, ತಟ್ಟೆ. ಅಳತೆಯನ್ನು ಐದು ಪಾಲು ಮಾಡುವುದು ಸ್ವಲ್ಪ ಕಿರಿಕಿರಿ ಹೌದು, ಆದರೆ ಆ ಕೆಲಸವನ್ನೇ 11 ವರ್ಷದವನಿಗೆ ಕೊಟ್ಟುಬಿಡಿ. ಅಡುಗೆ ತಕ್ಕಡಿ ಇದ್ದರೆ ಅವನು ಅದನ್ನು ಬಿಟ್ಟು ಏಳುವುದೇ ಇಲ್ಲ. ಚಮಚ ನೆಕ್ಕಿದರೂ ಅವರವರ ಬಟ್ಟಲಲ್ಲೇ ಇರುತ್ತದೆ, ಹಂಚಿ ತಿನ್ನುವ ಮಾತು ಬಂದಾಗ ನಿಮಗೂ ಮುಜುಗರವಿಲ್ಲ.

ನಾನಾಗಿದ್ದರೆ ಎರಡೇ ತಿಂಡಿ ಇಟ್ಟುಕೊಳ್ಳುತ್ತಿದ್ದೆ.

ಒಂದು, ಬಿಸ್ಕತ್ತಿನ ಉರುಳೆ. 250 ಗ್ರಾಂ ಸಾದಾ ಬಿಸ್ಕತ್ತು, 100 ಗ್ರಾಂ ಕರಗಿಸಿದ ಬೆಣ್ಣೆ, 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, 3 ದೊಡ್ಡ ಚಮಚ ಕೋಕೋ ಪುಡಿ. ಬೆಣ್ಣೆ ಮಾತ್ರ ಮಕ್ಕಳು ಬರುವ ಮೊದಲೇ ಕರಗಿಸಿ ಆರಿಸಿಡಿ. ಆಮೇಲೆ ಒಲೆ ಹತ್ತಿರ ಯಾರೂ ಹೋಗುವ ಅಗತ್ಯವೇ ಇಲ್ಲ.

ಬಿಸ್ಕತ್ತು ಪುಡಿ ಮಾಡುವುದಿದೆಯಲ್ಲ, ಆ ಮಧ್ಯಾಹ್ನದ ಅತಿ ಖುಷಿಯ ಕೆಲಸ ಅದೇ. ದಪ್ಪ ಜಿಪ್ ಕವರಿಗೆ ಬಿಸ್ಕತ್ತು ಹಾಕಿ, ಗಾಳಿ ಪೂರ್ತಿ ಹೊರಗೆ ಒತ್ತಿ ಮುಚ್ಚಿ. ಗಾಳಿ ಉಳಿದರೆ ಮೊದಲ ಏಟಿಗೇ ಕವರಿನ ಮೂಲೆ ಒಡೆದು ಪುಡಿಯೆಲ್ಲ ನೆಲಕ್ಕೆ. ಕವರನ್ನು ಮಡಿಸಿದ ಟವೆಲ್ ಮೇಲೆ ಇಡಿ, ಸದ್ದೂ ಕಡಿಮೆ, ಜಾರುವುದೂ ಇಲ್ಲ. ಲಟ್ಟಣಿಗೆಯಲ್ಲಿ ಹೊಡೆಯಬೇಡಿ, ಒತ್ತಿ ಉರುಳಿಸಿ ಅಂತ ಹೇಳಿ. ಹೊಡೆದೇ ಹೊಡೆಯುತ್ತಾರೆ, ಇರಲಿ ಬಿಡಿ. ನೀವು ನೋಡಬೇಕಾದದ್ದು ಯಾವಾಗ ನಿಲ್ಲಿಸಬೇಕು ಅನ್ನುವುದನ್ನು. ಪೂರ್ತಿ ಪುಡಿಯಾದರೆ ಉರುಳೆ ಅಂಟಂಟಾಗುತ್ತದೆ, ಕತ್ತರಿಸಿದಾಗ ಒಳಗೆ ಬಿಳಿ ಚೂರು ಕಾಣುವುದಿಲ್ಲ. ಅರ್ಧ ಪುಡಿ, ಅರ್ಧ ಬಟಾಣಿ ಗಾತ್ರದ ಚೂರು ಇರುವಾಗ ಲಟ್ಟಣಿಗೆ ಈಸಿಕೊಳ್ಳಿ. 3 ವರ್ಷದವಳು ಕವರನ್ನು ಬರೀ ಕೈಯಲ್ಲಿ ಅಮುಕಲಿ, ಅವಳಿಗೆ ಅದೇ ಸಾಕು.

ಕಲಸಿದ ಮೇಲೆ ಬಟರ್ ಪೇಪರಿನಲ್ಲಿ ಇಟ್ಟು ಉರುಳೆ ಮಾಡಿ, ಎರಡು ತುದಿ ತಿರುಚಿ, ಫ್ರಿಜ್ಜಿಗೆ. ಕತ್ತರಿಸಲು ಕನಿಷ್ಠ 2-3 ಗಂಟೆ ಬೇಕು. ಆ ಹೊತ್ತಿಗೆ ಎರಡನೇ ತಿಂಡಿ.

ಎರಡು, ಕೊಬ್ಬರಿ ಉಂಡೆ. ಒಣ ಕೊಬ್ಬರಿ ತುರಿ 150 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 200 ಗ್ರಾಂ. ಕಲಸಿ 10 ನಿಮಿಷ ಬಿಡಿ, ತುರಿ ಹಾಲನ್ನು ಹೀರಿಕೊಂಡು ತಾನೇ ಗಟ್ಟಿಯಾಗುತ್ತದೆ. ಇನ್ನೂ ಅಂಟಿದರೆ ಒಂದು ಹಿಡಿ ತುರಿ ಸೇರಿಸಿ. ಅಂಗೈಗೆ ಸ್ವಲ್ಪ ನೀರು ಸವರಿಕೊಂಡು ಉಂಡೆ ಕಟ್ಟಿ, ಮತ್ತೆ ಒಣ ತುರಿಯಲ್ಲಿ ಹೊರಳಿಸುವುದು. ಇದಕ್ಕೆ ಫ್ರಿಜ್ಜೂ ಬೇಡ, ಅಲ್ಲೇ ತಿನ್ನಬಹುದು. ಮಕ್ಕಳ ಉಂಡೆಗಳು ಒಂದೊಂದು ಒಂದೊಂದು ಗಾತ್ರ ಇರುತ್ತವೆ. ಸರಿ ಮಾಡಲು ಹೋಗಬೇಡಿ. ದೊಡ್ಡವರು ತಿದ್ದಿದ್ದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ, ಆಮೇಲೆ ‘ನೀವೇ ಮಾಡಿ’ ಅಂತ ಎದ್ದು ಹೋಗುತ್ತಾರೆ.

ಚಾಕೊಲೇಟ್ ಮುದ್ದೆಯಾಗುವುದು ನೀರಿನಿಂದ. ಒದ್ದೆ ಚಮಚ, ಪಾತ್ರೆಯ ಅಂಚಿನ ಹನಿ, ಹಬೆ, ಯಾವುದಾದರೂ ಸಾಕು. ಕರಗಿದ ಚಾಕೊಲೇಟ್ ಅಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ ಮತ್ತು ಕೋಕೋದ ನುಣ್ಣನೆ ಪುಡಿ. ಹನಿ ನೀರು ಬಿದ್ದರೆ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ತಮಾಷೆ ಅಂದರೆ ಹನಿ ನೀರು ಕೆಡಿಸುತ್ತದೆ, ಜಾಸ್ತಿ ನೀರು ಸರಿ ಮಾಡುತ್ತದೆ. ಬಿಸಿ ಹಾಲನ್ನೋ ಕ್ರೀಮನ್ನೋ ಒಂದೊಂದೇ ಚಮಚ ಹಾಕಿ ಕಲಕುತ್ತಾ ಹೋದರೆ ಮತ್ತೆ ನುಣ್ಣಗಾಗುತ್ತದೆ. ಅದು ಮೇಲೆ ಗಟ್ಟಿ ಪದರವಾಗಿ ಕೂರುವುದಿಲ್ಲ, ಆದರೆ ಬಿಸ್ಕತ್ತು ಅದ್ದಿ ತಿನ್ನಲು ಚೆನ್ನಾಗಿರುತ್ತದೆ.

---

ಉತ್ತರ: ಭಾನುವಾರದ ಅಪ್ಪ

ಮೇಲಿನವರು ಹೇಳಿದ್ದು ಎಲ್ಲ ಸರಿ, ಒಂದು ಮಾತಿಗೆ ಮಾತ್ರ ನನ್ನ ತಕರಾರು. 11 ವರ್ಷದವನನ್ನು ಬಿಸಿಯಿಂದ ಪೂರ್ತಿ ದೂರ ಇಟ್ಟರೆ ಅವನಿಗೆ ಇದು ಸಣ್ಣ ಮಕ್ಕಳ ಆಟ ಅನ್ನಿಸಿಬಿಡುತ್ತದೆ. ನಮ್ಮ ಮಗಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು, ಮೈಕ್ರೋವೇವ್‌ನಲ್ಲಿ ಚಾಕೊಲೇಟ್ ಕರಗಿಸುವುದು ಅವಳದೇ ಜವಾಬ್ದಾರಿ. 30 ಸೆಕೆಂಡು ಇಡುವುದು, ತೆಗೆದು ಕಲಕುವುದು, ಮತ್ತೆ 20 ಸೆಕೆಂಡು. ಗಮನಿಸಬೇಕಾದ್ದು ಏನಂದರೆ, ಮೈಕ್ರೋವೇವ್‌ನಲ್ಲಿ ಚಾಕೊಲೇಟ್ ಕರಗಿದ್ದು ಹೊರಗೆ ಕಾಣಿಸುವುದಿಲ್ಲ. ತುಂಡುಗಳ ಅಂಚು ಚೂಪಾಗಿ ಹಾಗೇ ನಿಂತಿರುತ್ತದೆ, ಚಮಚ ತಾಗಿಸಿದರೆ ಸಾಕು, ಒಳಗೆಲ್ಲ ಮೆತ್ತಗೆ, ಪೂರ್ತಿ ಕುಸಿಯುತ್ತದೆ. ಇನ್ನೂ ಗಟ್ಟಿ ಇದೆ ಅಂತ ಮತ್ತೆ ಎರಡು ನಿಮಿಷ ಇಟ್ಟರೆ ತಳದಲ್ಲಿ ಸೀದು ವಾಸನೆ. ಮುಕ್ಕಾಲು ಭಾಗ ಕರಗಿದಾಗ ಹೊರಗೆ ತೆಗೆದು ಸುಮ್ನೆ ಕಲಕಿ, ಉಳಿದದ್ದು ಆ ಬಿಸಿಗೇ ಕರಗುತ್ತದೆ. ಬಟ್ಟಲು ಮಾತ್ರ ಸುಡುತ್ತಿರುತ್ತದೆ, ಕೈಗೆ ಬಟ್ಟೆ ಕೊಡಿ.

ಸಕ್ಕರೆ ಪಾಕ, ಕ್ಯಾರಮೆಲ್ ಇವು ಮಾತ್ರ ಯಾವ ವಯಸ್ಸಿನ ಮಕ್ಕಳಿಗೂ ಬೇಡ. ನೀರು ಕುದಿಯುವುದು 100 ಡಿಗ್ರಿಗೆ, ಗಟ್ಟಿ ಪಾಕ 150ರ ಹತ್ತಿರ ಇರುತ್ತದೆ. ಸಾಲದ್ದಕ್ಕೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಕೊಡವಿದರೂ ಹೋಗುವುದಿಲ್ಲ.

ಎಲ್ಲ ಸಿಹಿಯೇ ಆಯಿತು ಅನ್ನಿಸಿದರೆ ಬಾಳೆಹಣ್ಣಿನ ತುಂಡಿಗೆ ಐಸ್‌ಕ್ರೀಂ ಕಡ್ಡಿ ಚುಚ್ಚಿ, ಗಟ್ಟಿ ಮೊಸರಲ್ಲಿ ಅದ್ದಿ, ಫ್ರೀಜರಿನಲ್ಲಿಡಿ. ನಮ್ಮ ಮನೆಯಲ್ಲಿ ಚಾಕೊಲೇಟಿಗಿಂತ ಇದೇ ಮೊದಲು ಖಾಲಿಯಾಗುತ್ತದೆ, ಯಾಕೆ ಅಂತ ನನಗೂ ಗೊತ್ತಿಲ್ಲ.

---

ಉತ್ತರ: ಲೇಬಲ್ ಓದುವ ಅಮ್ಮ

ನನ್ನ ಮಗನಿಗೂ ಕಡಲೆಕಾಯಿ ಅಲರ್ಜಿ. ಅದಕ್ಕೇ ಬರೆಯುತ್ತಿದ್ದೇನೆ.

ದಯವಿಟ್ಟು ಆ ಹುಡುಗನಿಗೆ ಅಂತ ಬೇರೆ ಬಟ್ಟಲು, ಬೇರೆ ತಿಂಡಿ ಮಾಡಬೇಡಿ. ಐದು ಮಕ್ಕಳು ಒಂದೇ ಮೇಜಿನ ಮೇಲೆ ಕೈ ಆಡಿಸುವಾಗ ಬೇರೆ ಅನ್ನುವುದು ಉಳಿಯುವುದಿಲ್ಲ. ಪೀನಟ್ ಬಟರ್ ಮುಟ್ಟಿದ ಚಮಚ ಒಮ್ಮೆ ಅತ್ತ ಹೋಗಿ ಬಂದರೆ ಮುಗಿಯಿತು. ಆ ದಿನ ಮನೆಯಲ್ಲಿ ಕಡಲೆಕಾಯಿಯೇ ಇಲ್ಲ ಅಂತ ಮಾಡಿ. ಎಲ್ಲರೂ ಒಂದೇ ತಿನ್ನಲಿ. ಅವನಿಗೂ ತಾನೊಬ್ಬನೇ ಬೇರೆ ಅನ್ನಿಸುವುದಿಲ್ಲ. ನನ್ನ ಮಗ ಹುಟ್ಟುಹಬ್ಬಗಳಿಗೆ ಹೋದಾಗಲೆಲ್ಲ ತನ್ನ ಡಬ್ಬಿ ತಾನೇ ಹಿಡಿದುಕೊಂಡು ಮೂಲೆಯಲ್ಲಿ ಕೂರುವುದನ್ನು ನೋಡಿದ್ದೇನೆ. ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪೀನಟ್ ಬಟರ್ ಬೇಕೇ ಬೇಕು ಅನ್ನುವ ಪಾಕವಿಧಾನಕ್ಕೆ ಸೂರ್ಯಕಾಂತಿ ಬೀಜವನ್ನು ಹುರಿದು ಮಿಕ್ಸಿಯಲ್ಲಿ ನುಣ್ಣಗೆ ಅರೆದರೆ ಅದೇ ಹದ ಬರುತ್ತದೆ. ತಾಳ್ಮೆ ಬೇಕು. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ಎಣ್ಣೆ ಬಿಟ್ಟು ಜಾರುತ್ತದೆ. ಆದರೆ ಬೀಜದ ಪ್ಯಾಕೆಟ್ಟಿನ ಮೇಲೂ ಕಡಲೆಕಾಯಿಯ ಎಚ್ಚರಿಕೆ ಇದೆಯಾ ನೋಡಿ. ಬಿಸ್ಕತ್ತು, ಚಾಕೊಲೇಟ್, ಬಣ್ಣದ ಸ್ಪ್ರಿಂಕಲ್ಸ್, ಓಟ್ಸ್ ಎಲ್ಲದಕ್ಕೂ ಇದೇ ಮಾತು. ಪದಾರ್ಥಗಳ ಪಟ್ಟಿ ಓದಿದರೆ ಸಾಲದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕಡಲೆಕಾಯಿಯ ಅಂಶ ಇರಬಹುದು ಅಂತ ಹಾಕಿರುತ್ತಾರೆ, ಅದನ್ನೂ ಓದಿ. ಕಳೆದ ಸಲ ತಂದ ಬಿಸ್ಕತ್ತೇ ಆದರೂ ಮತ್ತೆ ಓದಿ, ತಯಾರಿಕೆ ಬದಲಾಗುತ್ತಿರುತ್ತದೆ. ಪುಡಿಯನ್ನು ಡಬ್ಬಿಗೆ ಸುರಿದು ಕವರ್ ಬಿಸಾಡಿದ್ದರೆ ಅದನ್ನು ಬಳಸಲೇಬೇಡಿ.

ಕೊಬ್ಬರಿ, ಗೋಡಂಬಿ, ಬಾದಾಮಿ, ಎಳ್ಳು ಇವು ಅವನಿಗೆ ಆಗುತ್ತವಾ ಅಂತ ನೀವು ಊಹೆ ಮಾಡಬೇಡಿ, ಅವನ ಅಮ್ಮನಿಗೆ ಒಂದು ಫೋನ್ ಮಾಡಿ. ಅವನ ತುರ್ತು ಔಷಧಿ ಯಾವ ಬ್ಯಾಗಿನಲ್ಲಿದೆ, ಹೇಗೆ ಕೊಡಬೇಕು ಅಂತ ಅದೇ ಫೋನಿನಲ್ಲಿ ಕೇಳಿಕೊಳ್ಳಿ. ಇನ್ನೊಂದು, ಸ್ಯಾನಿಟೈಸರ್ ಹಚ್ಚಿದರೆ ಕಡಲೆಕಾಯಿಯ ಅಂಶ ಕೈಯಿಂದ ಹೋಗುವುದಿಲ್ಲ. ಸೋಪು ನೀರೇ ಬೇಕು.

---

ಚಿಕ್ಕಮ್ಮನ ಡಬ್ಬಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡಿದೆ. ಕೊಬ್ಬರಿ ತಿನ್ನುತ್ತಾನಂತೆ, ಎಳ್ಳೂ ಆಗುತ್ತದಂತೆ. ಕಡಲೆಕಾಯಿ ಡಬ್ಬಿ ಪಕ್ಕದ ಮನೆಗೆ ಹೋಯಿತು. ಕುಕೀ ಹಿಟ್ಟಿಗೆ ಓಟ್ಸ್ ಅಂದಿದ್ದಕ್ಕೆ ದೊಡ್ಡವನು ಮುಖ ಸಿಂಡರಿಸಿದ, ಆದರೆ ತಕ್ಕಡಿ ನಿನ್ನದು ಅಂದ ತಕ್ಷಣ ಒಪ್ಪಿದ.

ಇನ್ನು ಸ್ವಲ್ಪ ಇದೆ. ಬಿಸ್ಕತ್ತಿಗೆ ಚಾಕೊಲೇಟ್ ಅದ್ದಿ ಒಣಗಿಸಿದರೆ ಮಾರನೇ ದಿನ ಮೇಲೆ ಬಿಳಿ ಬಿಳಿ ಗೆರೆ ಬರುತ್ತದೆ, ಬೂಷ್ಟು ಅಂತ ಅಮ್ಮ ಎಸೆದುಬಿಡುತ್ತಾರೆ. ಅದು ಬೂಷ್ಟಾ? ಪಾಪು ಇದೆ ಅಂದೆನಲ್ಲ, ಅದಕ್ಕೆ ಏನಾದರೂ ಕೊಡಬಹುದಾ? ಮಕ್ಕಳು ಊರಿಗೆ ಹೋಗುವಾಗ ಒಂದೊಂದು ಡಬ್ಬಿ ತುಂಬಿಸಿ ಕಳಿಸಬೇಕು ಅಂತಿದ್ದೇನೆ, ಕೆಡುವುದಿಲ್ಲ ತಾನೇ?

---

ಉತ್ತರ: ಹಿಟ್ಟಿನ ಕೈ

ಬೂಷ್ಟಲ್ಲ. ಕೋಕೋ ಬೆಣ್ಣೆ ಮೇಲಕ್ಕೆ ಬಂದು ಹರಳುಗಟ್ಟಿದ್ದು. ತಿನ್ನಬಹುದು, ರುಚಿ ಸ್ವಲ್ಪ ಮಂಕು. ಕರಗಿದ ಚಾಕೊಲೇಟ್ ಒಳ್ಳೆಯ ಹೊಳಪಿನಲ್ಲಿ ಗಟ್ಟಿಯಾಗಬೇಕಾದರೆ ಕೋಕೋ ಬೆಣ್ಣೆ ಒಂದು ನಿರ್ದಿಷ್ಟ ಬಗೆಯಲ್ಲಿ ಹರಳಾಗಬೇಕು. ಅದಕ್ಕೆ ಡಾರ್ಕ್ ಚಾಕೊಲೇಟನ್ನು 45 ಡಿಗ್ರಿ ದಾಟಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ತರಬೇಕು. ಐದು ಮಕ್ಕಳನ್ನು ಇಟ್ಟುಕೊಂಡು ಥರ್ಮಾಮೀಟರ್ ಹಿಡಿಯುವ ಕೆಲಸ ಯಾರಿಗೆ ಬೇಕು. ಕಾಂಪೌಂಡ್ ಚಾಕೊಲೇಟ್ ತನ್ನಿ. ಅದರಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯದ ಕೊಬ್ಬು ಇರುತ್ತದೆ, ಸುಮ್ನೆ ಕರಗಿಸಿ ಅದ್ದಿದರೂ ಗಟ್ಟಿಯಾಗಿ ಕೂರುತ್ತದೆ. ರುಚಿ ಅಸಲಿಯಷ್ಟು ಇರುವುದಿಲ್ಲ, ಆದರೆ ಮೇಲೆ ಸ್ಪ್ರಿಂಕಲ್ಸ್ ಬಿದ್ದರೆ ಯಾವ ಮಗುವೂ ಕೇಳುವುದಿಲ್ಲ. ಮೇಲಿನ ಅಮ್ಮ ಹೇಳಿದ ಹಾಗೆ ಲೇಬಲ್ ಓದಿ.

ಪಾಪುವಿಗೆ ಇವು ಯಾವುದೂ ಬೇಡ, ಅಷ್ಟು ಸಕ್ಕರೆ ಈಗಲೇ ಯಾಕೆ. ಯಾವುದಾದರೂ ತಿಂಡಿಗೆ ಜೇನುತುಪ್ಪ ಹಾಕಿದರೆ ಅದನ್ನಂತೂ ಬೆರಳಲ್ಲಿ ನೆಕ್ಕಿಸಲೂಬೇಡಿ. ಒಂದು ವರ್ಷ ತುಂಬದ ಮಕ್ಕಳ ಕರುಳಲ್ಲಿ ಜೇನಿನೊಳಗಿನ ಬಾಟುಲಿಸಂ ಬೀಜಾಣುಗಳು ಬೆಳೆದು ವಿಷ ಮಾಡಬಹುದು. ಮಾಗಿದ ಬಾಳೆಹಣ್ಣು ಕಿವುಚಿ ಕೊಡಿ, ಅದಕ್ಕೂ ಕೈ ಮೆತ್ತಿಕೊಂಡ ಸುಖ.

3 ವರ್ಷದವಳ ವಿಷಯದಲ್ಲಿ ಎಚ್ಚರ. ಇಡೀ ದ್ರಾಕ್ಷಿ, ಇಡೀ ಬಾದಾಮಿ, ಪಾಪ್‌ಕಾರ್ನ್, ಮಾರ್ಶ್‌ಮ್ಯಾಲೋ ಅವಳ ತಟ್ಟೆಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಬರೀ ಅಡ್ಡಕ್ಕೆ ಎರಡು ಮಾಡಿದರೆ ಅದು ಮತ್ತೆ ಗುಂಡಗೇ ಇರುತ್ತದೆ. ಅವಳ ಕೊಬ್ಬರಿ ಉಂಡೆಯನ್ನೂ ಕೈಯಲ್ಲಿ ಚಪ್ಪಟೆ ಮಾಡಿ ಕೊಡಿ. ತಿನ್ನುವಾಗ ಕೂತೇ ತಿನ್ನಲಿ, ಓಡಾಡಿಕೊಂಡು ಬೇಡ.

ಡಬ್ಬಿಯ ವಿಚಾರ. ಬಿಸ್ಕತ್ತಿನ ಉರುಳೆ, ಕೊಬ್ಬರಿ ಉಂಡೆ ಎರಡೂ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಒಂದು ವಾರ ಆರಾಮಾಗಿ ಇರುತ್ತವೆ. ಕಂಡೆನ್ಸ್ಡ್ ಮಿಲ್ಕಿನಲ್ಲಿ ಸಕ್ಕರೆಯೇ ಅಷ್ಟಿದೆ, ಬೇಗ ಕೆಡಲು ಬಿಡುವುದಿಲ್ಲ. ಹಾಲು ಹಾಕಿದ ಓಟ್ಸ್ ಹಿಟ್ಟನ್ನು ಎರಡು ಮೂರು ದಿನದಲ್ಲಿ ಮುಗಿಸಿ. ಕ್ರೀಮ್, ಮೊಸರು ಸೇರಿದ್ದನ್ನು ಪ್ರಯಾಣಕ್ಕೆ ಕಟ್ಟಲೇಬೇಡಿ, ಫ್ರಿಜ್ಜಿನ ಹೊರಗೆ 2 ಗಂಟೆ ಅದರ ಮಿತಿ. ಸೆಕೆ ಜಾಸ್ತಿ ಇದ್ದರೆ ಒಂದೇ ಗಂಟೆ. ದೂರದ ದಾರಿಗೆ ಎಲ್ಲಕ್ಕಿಂತ ನಿಶ್ಚಿಂತೆ ಖರ್ಜೂರದ ಉಂಡೆ. ಬೀಜ ತೆಗೆದ 200 ಗ್ರಾಂ ಮೆತ್ತನೆ ಖರ್ಜೂರ, 100 ಗ್ರಾಂ ಓಟ್ಸ್, 2 ಚಮಚ ಕೋಕೋ, ಎಲ್ಲ ಒಟ್ಟಿಗೆ ಮಿಕ್ಸಿಯಲ್ಲಿ. ಖರ್ಜೂರ ಗಟ್ಟಿ ಇದ್ದರೆ ಬಿಸಿ ನೀರಲ್ಲಿ 10 ನಿಮಿಷ ನೆನೆಸಿ, ಚೆನ್ನಾಗಿ ಹಿಂಡಿ ತೆಗೆಯಿರಿ. ಬೀಜ ತೆಗೆದದ್ದು ಅಂತ ಪ್ಯಾಕೆಟ್ಟಿನ ಮೇಲೆ ಇದ್ದರೂ ಒಂದೊಂದನ್ನೂ ಬಿಡಿಸಿ ನೋಡಿ, ಒಂದಾದರೂ ಬೀಜ ಉಳಿದಿರುತ್ತದೆ. ಈ ಹುಡುಕುವ ಕೆಲಸ 5 ವರ್ಷದವರಿಗೆ ಬಲು ಇಷ್ಟ.

ಡಬ್ಬಿ ಮೇಲೆ ಒಳಗೆ ಏನೇನಿದೆ, ಯಾವತ್ತು ಮಾಡಿದ್ದು ಅಂತ ಚೀಟಿ ಅಂಟಿಸಿ. ಬರೆಯುವುದು 9 ವರ್ಷದವರ ಪಾಲಿಗೆ. ಆ ಮಗುವಿಗೆ ಇನ್ನೂ ಏನೂ ಕೆಲಸ ಕೊಟ್ಟಿರಲಿಲ್ಲ ನೋಡಿ.